ಎಕ್ಸ್‌ಪಿ ಸಿಡಿಗೆ ಹಾರ್ಡ್‌ಡಿಸ್ಕ್ ಕಾಣ್ತಿಲ್ವಾ? ಡಿಸ್ಕ್ ಕೆಟ್ಟಿರಲಿಕ್ಕಿಲ್ಲ

ಹಳೇ ಬಿಲ್ಲಿಂಗ್ ಸಾಫ್ಟ್‌ವೇರ್ ಬಿಡಲಾಗದೆ ಇನ್ನೂ ವಿಂಡೋಸ್ ಎಕ್ಸ್‌ಪಿಯನ್ನೇ ನಂಬಿರುವ ಅಂಗಡಿಗಳಿವೆ. ಕಂಪ್ಯೂಟರ್ ಬದಲಿಸಿ ಅದೇ ಸಿಡಿ ಹಾಕಿದರೆ ಅರ್ಧದಲ್ಲೇ ನೀಲಿ ಪರದೆ, ಕೊನೆಯಲ್ಲಿ ‘7ಬಿ’ ಇರುವ ಎರರ್ ನಂಬರ್. ಇಲ್ಲವೇ ಹಾರ್ಡ್‌ಡಿಸ್ಕೇ ಇಲ್ಲ ಎಂಬ ಸಂದೇಶ. ಹೊಸ ಡಿಸ್ಕ್‌ಗೆ ದುಡ್ಡು ಸುರಿಯೋ ಮುಂಚೆ ಸ್ವಲ್ಪ ತಾಳಿ. ಎಕ್ಸ್‌ಪಿ ಬಂದದ್ದು 2001ರಲ್ಲಿ. ಸಾಟಾ ಡಿಸ್ಕನ್ನು ಎಎಚ್‌ಸಿಐ ಮೋಡ್‌ನಲ್ಲಿ ನಡೆಸುವ ಡ್ರೈವರ್ ಆ ಸಿಡಿಯಲ್ಲಿಲ್ಲ.

ಸುಲಭದ ದಾರಿ ಎಂದರೆ ಬಯಾಸ್‌ಗೆ ಹೋಗಿ ಸಾಟಾ ಮೋಡನ್ನು ಐಡಿಇಗೆ ಬದಲಿಸುವುದು. ಆ ಆಯ್ಕೆಯೇ ಇಲ್ಲದಿದ್ದರೆ ಸಿಡಿಗೇ ಡ್ರೈವರ್ ಸೇರಿಸಬೇಕು. ಹಿಂದೆ ಎಫ್6 ಒತ್ತಿ ಫ್ಲಾಪಿಯಿಂದ ಕೊಡ್ತಿದ್ರು. ಈಗ ಫ್ಲಾಪಿ ಎಲ್ಲಿದೆ ಹೇಳಿ! ಸಿಡಿಯನ್ನು ಬೇರೆ ಕಂಪ್ಯೂಟರಿನ ಫೋಲ್ಡರಿಗೆ ಕಾಪಿ ಮಾಡಿ, ಎನ್‌ಲೈಟ್ ಎಂಬ ಸಾಫ್ಟ್‌ವೇರಿನಲ್ಲಿ ತೆರೆಯಿರಿ. ಮದರ್‌ಬೋರ್ಡ್ ಚಿಪ್‌ಸೆಟ್‌ಗೆ ಹೊಂದುವ ಎಕ್ಸ್‌ಪಿ ಡ್ರೈವರನ್ನು ‘ಟೆಕ್ಸ್ಟ್ ಮೋಡ್’ ಎಂದು ಆರಿಸಿ ಸೇರಿಸಿ, ಐಎಸ್‌ಒ ಮಾಡಿ ಹೊಸ ಸಿಡಿಗೆ ರೈಟ್ ಮಾಡಿ. ವಿಂಡೋಸ್ 7ಕ್ಕೆ ಮಾತ್ರ ಇರೋ ಡ್ರೈವರ್ ಹಾಕಿದ್ರೆ ನಡೆಯಲ್ಲ.

ಹಳೇ ಡಿಸ್ಕನ್ನೇ ಫಾರ್ಮ್ಯಾಟ್ ಮಾಡೋದಾದ್ರೆ ಸಾಲದ ಖಾತೆ, ಸ್ಟಾಕ್ ಲೆಕ್ಕ ಮೊದಲು ಪೆನ್‌ಡ್ರೈವ್‌ಗೆ ತೆಗೆದಿಡಿ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ 2014ರ ಏಪ್ರಿಲ್ 8ಕ್ಕೇ ಮುಗಿದಿದೆ. ಆ ಕಂಪ್ಯೂಟರಿಗೆ ಇಂಟರ್‌ನೆಟ್ ಕೊಡದಿರೋದೇ ಲೇಸು.