ಹಳೆಯ ಬಣ್ಣವನ್ನು ಕಣ್ಣಿಟ್ಟು ನೋಡುವುದು

ಕಳೆದ ವರ್ಷ ನಮ್ಮ ಶಾಲೆಯ ಕಿಟಕಿಗಳಿಗೆ ಹೊಸ ಬಣ್ಣ ಬಳಿಯಿಸುವಾಗ ಹಳೆಯದನ್ನು ಒಣ ಉಜ್ಜುಕಾಗದದಿಂದ ತಿಕ್ಕಿಸಿದೆವು. ಒಂದನೆಯ ತರಗತಿಯ ಮಕ್ಕಳು ಪಕ್ಕದಲ್ಲಿಯೇ ಕುಳಿತು ಬುತ್ತಿ ಉಣ್ಣುತ್ತಿದ್ದರು. ಅದು ತಪ್ಪೆಂದು ಆಗ ನಮಗೆ ಹೊಳೆಯಲಿಲ್ಲ. ಪಾಲಕರಿಂದ ಅಂತಹ ತಪ್ಪು ಆಗದಿರಲೆಂದು ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ಮರಕ್ಕೂ ಕಬ್ಬಿಣಕ್ಕೂ ಬಳಿಯುವ ಎಣ್ಣೆಬಣ್ಣಗಳಿಗೆ ಹಿಂದೆ ಸೀಸದ ಸಂಯುಕ್ತಗಳನ್ನು ಬೆರೆಸುತ್ತಿದ್ದರು. ಹಳದಿ, ಕೆಂಪುಗಳಿಗೆ ಕಾಂತಿ ಬರಲೆಂದು, ಲೇಪವು ಬೇಗ ಒಣಗಲೆಂದು, ಕಬ್ಬಿಣಕ್ಕೆ ತುಕ್ಕು ಹಿಡಿಯದಿರಲೆಂದು. ನಮ್ಮ ದೇಶದಲ್ಲಿ 2016ರ ನಿಯಮದಂತೆ 2017ರ ನವೆಂಬರ್ 1ರಿಂದ ತಯಾರಾಗುವ ಮನೆಬಣ್ಣಗಳಲ್ಲಿ ಸೀಸವು 10 ಲಕ್ಷ ಭಾಗಗಳಿಗೆ 90 ಭಾಗಗಳನ್ನು ಮೀರಕೂಡದು. ಅದಕ್ಕೆ ಹಿಂದಿನ ಬಣ್ಣವಾದರೋ ಇನ್ನೂ ಅನೇಕ ಮನೆಗಳ ಬಾಗಿಲು ಕಿಟಕಿಗಳ ಮೇಲೆಯೇ ಇದೆ. ಸೀಸವು ಮಗುವಿನ ಮೆದುಳಿಗೆ ಹಾನಿಕರ. ಇಷ್ಟಾದರೆ ಬಾಧಕವಿಲ್ಲ ಎನ್ನಬಹುದಾದ ಮಿತಿಯೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ.

ಗಟ್ಟಿಯಾಗಿ ಅಂಟಿಕೊಂಡಿರುವ ಬಣ್ಣದಿಂದ ಅಪಾಯ ಕಡಿಮೆ. ಕೆಟ್ಟುಹೋದ ಬಣ್ಣವು ಚಕ್ಕೆಯಾಗಿ, ಧೂಳಾಗಿ ನೆಲಕ್ಕೆ ಬಿದ್ದು, ಅಂಬೆಗಾಲಿಡುವ ಮಗುವಿನ ಕೈಯಿಂದ ಬಾಯಿಗೆ ಸೇರುತ್ತದೆ. ಆದುದರಿಂದ ಹಗಲು ಬೆಳಕಿನಲ್ಲಿ ಮನೆಯನ್ನು ಕೋಣೆ ಕೋಣೆಯಾಗಿ ನೋಡಬೇಕು. ಮೊದಲು, ಒಂದಕ್ಕೊಂದು ಉಜ್ಜುವ ಕಡೆ: ಕಿಟಕಿಯ ಚೌಕಟ್ಟು, ಬಾಗಿಲಿನ ಅಂಚು. ಬಳಿಕ, ನೀರು ತಗಲುವ ಕಡೆ: ಮಳೆಯ ಎರಚಲು ಹೊಡೆಯುವ ಕಿಟಕಿಯ ಕಟ್ಟೆ, ಬಚ್ಚಲ ಬಾಗಿಲು. ಕೊನೆಗೆ, ಮಗುವಿನ ಬಾಯಿಗೆ ಎಟಕುವ ಸರಳು, ತೊಟ್ಟಿಲು. ಬಿರುಕು ಬಿಡುವುದು, ಗುಳ್ಳೆ ಬರುವುದು, ಸಿಪ್ಪೆಯಂತೆ ಏಳುವುದು, ಬೆರಳಿಗೆ ಹುಡಿ ಹತ್ತುವುದು, ಇವೇ ಕೆಟ್ಟ ಬಣ್ಣದ ಲಕ್ಷಣಗಳು. ಕೆಳಗೆ ಚಕ್ಕೆಗಳು ಬಿದ್ದಿವೆಯೇ ಎಂಬುದನ್ನೂ ಗಮನಿಸಬೇಕು. ಬರಿಯ ಸುಣ್ಣ ಬಳಿದ ಗೋಡೆಗೆ ಈ ಭಯವಿಲ್ಲ.

ಸೀಸವು ಕಣ್ಣಿಗೆ ಕಾಣದು. ಇದೆಯೋ ಇಲ್ಲವೋ ಎಂಬುದನ್ನು ಪ್ರಯೋಗಾಲಯವೇ ಹೇಳಬೇಕು. ಅಲ್ಲಿಯ ತನಕ ಇದೆಯೆಂದೇ ಭಾವಿಸುವುದು ಕ್ಷೇಮ. ಅಂತಹ ಬಣ್ಣವನ್ನು ಒಣದಾಗಿ ತಿಕ್ಕಬಾರದು, ಸುಡಬಾರದು. ಧೂಳನ್ನು ಪೊರಕೆಯಿಂದ ಗುಡಿಸಬಾರದು. ಮಕ್ಕಳನ್ನು ದೂರವಿರಿಸಿ, ನೀರು ಚಿಮುಕಿಸಿ, ಒದ್ದೆ ಬಟ್ಟೆಯಿಂದ ಒರಸಿ, ಚಕ್ಕೆಗಳನ್ನು ಚೀಲದಲ್ಲಿ ಕಟ್ಟಿ ತೆಗೆಯಬೇಕು. ಮಗು ಚಕ್ಕೆ ತಿಂದಿರುವ ಸಂಶಯವಿದ್ದರೆ ವೈದ್ಯರಿಗೆ ತೋರಿಸಬೇಕು. ರಕ್ತಪರೀಕ್ಷೆಯಿಂದ ಸೀಸದ ಪ್ರಮಾಣ ತಿಳಿಯುತ್ತದೆ.

ಈ ವರ್ಷ ಶಾಲೆಯ ಉಳಿದ ಕಿಟಕಿಗಳ ಕೆಲಸವನ್ನು ರಜೆಯಲ್ಲಿ, ಒದ್ದೆಮಾಡಿಯೇ ಮಾಡಿಸಿದೆವು. ವಿದ್ಯಾರ್ಥಿಗಳೇ, ನೀವೂ ತಂದೆತಾಯಿಗಳೊಡನೆ ಒಮ್ಮೆ ಮನೆಯನ್ನು ಸುತ್ತಿ ನೋಡಿರಿ. ನಿಮ್ಮ ಪುಟ್ಟ ತಮ್ಮ ತಂಗಿಯರ ಎತ್ತರಕ್ಕೆ ಬಗ್ಗಿ ನೋಡಿರಿ.