ಉಬ್ಬಸ, ಕೀಲುವಾತ ಎರಡೂ ಇದ್ದಾಗ ಸ್ಟೀರಾಯ್ಡ್ ಮಾತ್ರೆ ಇಳಿಸುವುದು ಹೇಗೆ?

ಬೆಳಗಿನ ಐದು ಗಂಟೆ ಹಾಲು ಕರೆಯುವ ಹೊತ್ತು. ಉಬ್ಬಸ ಇರುವವರಿಗೆ ದಮ್ಮು ಕಟ್ಟುವುದು ಹೆಚ್ಚಾಗಿ ಅದೇ ಬೆಳಗಿನ ಜಾವದಲ್ಲಿ. ಕೀಲುವಾತ ಇರುವವರಿಗೆ ಬೆರಳು ಮಡಚಲು ಬಾರದಷ್ಟು ಬಿಗಿದಿರುವುದೂ ಅದೇ ಹೊತ್ತಿನಲ್ಲಿ. ಎರಡೂ ಕಾಯಿಲೆ ಒಬ್ಬರಲ್ಲೇ ಸೇರಿದರೆ ಆ ತಾಯಿಯ ಕಷ್ಟ ಹೇಳತೀರದು. ಕೆಚ್ಚಲು ತುಂಬಿದ ಹಸು ಕೂಗುತ್ತಿರುತ್ತದೆ, ಡೇರಿಗೆ ಹಾಲು ಹಾಕುವ ಸಮಯ ಮೀರುತ್ತಿರುತ್ತದೆ, ಮೈ ಮಾತ್ರ ಏಳುವುದಿಲ್ಲ.

ಇಂಥ ಸ್ಥಿತಿಯಲ್ಲಿ ಸ್ಟೀರಾಯ್ಡ್ ಮಾತ್ರೆ ಒಂದೆರಡು ದಿನದಲ್ಲೇ ಎರಡೂ ಕಷ್ಟವನ್ನು ಇಳಿಸುತ್ತದೆ. ಅದಕ್ಕೇ ಅದು ಬಿಡಲಾರದ ಮಾತ್ರೆಯಾಗಿಬಿಡುತ್ತದೆ. ವರ್ಷ ಕಳೆದ ಮೇಲೆ ಮುಖ ಊದುತ್ತದೆ, ಸಕ್ಕರೆ ಕಾಯಿಲೆ ಕಾಣಿಸುತ್ತದೆ. "ಅದು ವಿಷ ಕಣಕ್ಕ, ಬಿಟ್ಟುಬಿಡು" ಎಂದು ಯಾರೋ ಹೇಳುತ್ತಾರೆ. ಗಾಬರಿಯಾಗಿ ಒಂದೇ ದಿನಕ್ಕೆ ನಿಲ್ಲಿಸುತ್ತಾರೆ. ನಿಜವಾದ ಅಪಾಯ ಇರುವುದು ಇಲ್ಲೇ.

ಸ್ಟೀರಾಯ್ಡ್ ಮಾತ್ರೆಯನ್ನು ಬಹುಪಾಲು ಜನರಲ್ಲಿ ಇಳಿಸಬಹುದು. ಆದರೆ ಒಮ್ಮೆಲೇ ನಿಲ್ಲಿಸಬಾರದು. ಇಳಿಸುವ ಮೊದಲು ಅದರ ಕೆಲಸವನ್ನು ಬೇರೆ ಔಷಧಗಳು ವಹಿಸಿಕೊಂಡಿರಬೇಕು.

ಒಮ್ಮೆಲೇ ಏಕೆ ನಿಲ್ಲಿಸಬಾರದು?

1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಡಾ. ಫಿಲಿಪ್ ಹೆಂಚ್ ಮತ್ತು ಅವರ ಸಂಗಡಿಗರು ಕೀಲುವಾತದಿಂದ ನರಳುತ್ತಿದ್ದ ಮಹಿಳೆಯೊಬ್ಬರಿಗೆ ಮೊದಲ ಬಾರಿ ಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಕೊಟ್ಟರು. ಕೆಲವೇ ದಿನಗಳಲ್ಲಿ ಆಕೆ ಸಲೀಸಾಗಿ ನಡೆದಾಡಿದರು. 1950ರಲ್ಲಿ ಈ ಕೆಲಸಕ್ಕೆ ನೊಬೆಲ್ ಪ್ರಶಸ್ತಿಯೂ ಬಂತು. ಹೆಚ್ಚು ದಿನ ಕೊಟ್ಟರೆ ತೊಂದರೆಯೂ ಜೊತೆಗೇ ಬರುತ್ತದೆ ಎಂಬುದು ಕೂಡ ಬೇಗನೆ ಗೊತ್ತಾಯಿತು. ಮೂಳೆ ಟೊಳ್ಳಾಗುವುದು, ಸಕ್ಕರೆ ಮತ್ತು ರಕ್ತದೊತ್ತಡ ಏರುವುದು, ಕಣ್ಣಿನ ಪೊರೆ, ಚರ್ಮ ತೆಳುವಾಗುವುದು, ಸೋಂಕು ಬೇಗ ತಗಲುವುದು ಇವೆಲ್ಲ ಅದರ ಅಡ್ಡಪರಿಣಾಮಗಳು.

ನಮ್ಮ ಎರಡೂ ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಒಂದೊಂದು ಸಣ್ಣ ಗ್ರಂಥಿ ಕೂತಿದೆ. ಹೆಸರು ಅಡ್ರಿನಲ್. ದೇಹಕ್ಕೆ ಬೇಕಾದ ಸ್ಟೀರಾಯ್ಡನ್ನು ಅದೇ ದಿನವೂ ತಯಾರಿಸುತ್ತದೆ. ಹೊರಗಿನಿಂದ ಮಾತ್ರೆಯ ರೂಪದಲ್ಲಿ ಸಾಕಷ್ಟು ಬರತೊಡಗಿದರೆ ಈ ಗ್ರಂಥಿ ಕೆಲಸ ನಿಲ್ಲಿಸಿ ಮಲಗಿಬಿಡುತ್ತದೆ. ಮೂರು ನಾಲ್ಕು ವಾರಕ್ಕಿಂತ ಹೆಚ್ಚು ದಿನ ಮಾತ್ರೆ ತೆಗೆದುಕೊಂಡವರಲ್ಲಿ ಹೀಗಾಗಿರುವ ಸಾಧ್ಯತೆ ಇರುತ್ತದೆ.

ಒಣಹುಲ್ಲು ತಿನ್ನುತ್ತಿದ್ದ ಹಸುವಿಗೆ ಒಂದೇ ದಿನಕ್ಕೆ ಪೂರ್ತಿ ಹಸಿಮೇವು, ಪಶು ಆಹಾರ ಹಾಕಿದರೆ ಏನಾಗುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಹೊಂದಿಕೊಳ್ಳಲು ದಿನ ಬೇಕೆಂದೇ ನಾವು ಸ್ವಲ್ಪ ಸ್ವಲ್ಪ ಬದಲಾಯಿಸುತ್ತೇವೆ. ಮಲಗಿದ ಗ್ರಂಥಿ ಎದ್ದು ಕೂರುವುದಕ್ಕೂ ಹಾಗೆಯೇ ಸಮಯ ಬೇಕು. ಕೆಲವರಿಗೆ ವಾರಗಳು ಸಾಕು, ಇನ್ನು ಕೆಲವರಿಗೆ ತಿಂಗಳುಗಳು ಬೇಕು.

ಮೊದಲು ಎರಡು ಊರುಗೋಲು

ಉಬ್ಬಸಕ್ಕೆ ಮೊದಲ ಊರುಗೋಲು ಇನ್‌ಹೇಲರ್. "ಪಂಪು ಹಿಡಿದರೆ ಜೀವನಪೂರ್ತಿ ಬಿಡೋಕಾಗಲ್ಲ, ಅದರಲ್ಲೂ ಸ್ಟೀರಾಯ್ಡೇ ಇರೋದು" ಎಂದು ಹಲವರು ಹೆದರುತ್ತಾರೆ. ಲೆಕ್ಕ ನೋಡಿ. ಸ್ಟೀರಾಯ್ಡ್ ಮಾತ್ರೆಯ ಅಳತೆ ಮಿಲಿಗ್ರಾಂನಲ್ಲಿ, ಅಂದರೆ 5, 10, 20 ಹೀಗೆ. ಇನ್‌ಹೇಲರ್‌ನ ಅಳತೆ ಮೈಕ್ರೋಗ್ರಾಂನಲ್ಲಿ. 1000 ಮೈಕ್ರೋಗ್ರಾಂ ಸೇರಿದರೆ ಒಂದು ಮಿಲಿಗ್ರಾಂ. 200 ಮೈಕ್ರೋಗ್ರಾಂ ಅಂದರೆ ಒಂದು ಮಿಲಿಗ್ರಾಂನ ಐದನೇ ಒಂದು ಭಾಗ. ಅದು ನೇರವಾಗಿ ಶ್ವಾಸನಾಳಕ್ಕೆ ಹೋಗುತ್ತದೆ, ಮೈಗೆಲ್ಲ ಹರಡುವುದು ಕಡಿಮೆ.

ದಮ್ಮು ಕಟ್ಟಿದಾಗ ಮಾತ್ರ ಎಳೆಯುವ ಪಂಪು ಬೇರೆ, ದಿನವೂ ತಪ್ಪದೆ ಎಳೆಯಬೇಕಾದ ಪಂಪು ಬೇರೆ. ಮಾತ್ರೆ ಇಳಿಸಲು ನೆರವಾಗುವುದು ದಿನವೂ ಎಳೆಯುವ, ಸ್ಟೀರಾಯ್ಡ್ ಇರುವ ಪಂಪು. ಎರಡೂ ಔಷಧ ಒಂದರಲ್ಲೇ ಇರುವ ಪಂಪುಗಳೂ ಇವೆ. ನಿಮ್ಮದು ಯಾವುದು ಎಂದು ವೈದ್ಯರನ್ನು ಕೇಳಿ ತಿಳಿದುಕೊಳ್ಳಿ. ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಿ.

ಬೆರಳು ಬಿಗಿದವರಿಗೆ ಪಂಪು ಒತ್ತುವುದೇ ಕಷ್ಟ. ಮಾತ್ರೆಗುಳಿಗೆ ಹಾಕಿ ತಿರುಗಿಸುವ ಸಾಧನವೂ ಕೈಗೆ ಹಿಡಿಯುವುದಿಲ್ಲ. ಇದನ್ನು ವೈದ್ಯರಿಗೆ ಬಾಯಿಬಿಟ್ಟು ಹೇಳಿ. ಪಂಪಿಗೆ ಸ್ಪೇಸರ್ ಎಂಬ ಕೊಳವೆ ಜೋಡಿಸಿ ಎರಡು ಕೈಯಲ್ಲಿ ಹಿಡಿದು ಒತ್ತಬಹುದು. ಆಗ ಒತ್ತುವುದಕ್ಕೂ ಉಸಿರೆಳೆಯುವುದಕ್ಕೂ ಹೊಂದಾಣಿಕೆಯ ಪರದಾಟ ಇರುವುದಿಲ್ಲ. ವೈದ್ಯರ ಎದುರೇ ಒಮ್ಮೆ ಎಳೆದು ತೋರಿಸಿ. ತಪ್ಪಾಗಿ ಎಳೆಯುವುದರಿಂದಲೇ ಎಷ್ಟೋ ಜನರಿಗೆ ಗುಣ ಸಿಗುವುದಿಲ್ಲ.

ಕೀಲಿಗೆ ಎರಡನೇ ಊರುಗೋಲು. ಮೊದಲು ನಿಮ್ಮದು ಯಾವ ಕೀಲುನೋವು ಎಂದು ತಿಳಿಯಬೇಕು. ವಯಸ್ಸಿನಿಂದ ಬರುವ ಮಂಡಿ ಸವೆತಕ್ಕೆ ದಿನವೂ ಸ್ಟೀರಾಯ್ಡ್ ಮಾತ್ರೆ ನುಂಗುವ ಅಗತ್ಯವೇ ಇಲ್ಲ. ಎರಡೂ ಕೈಗಳ ಸಣ್ಣ ಕೀಲುಗಳು ಊದಿ, ಬೆಳಿಗ್ಗೆ ಅರ್ಧ ಮುಕ್ಕಾಲು ಗಂಟೆಗೂ ಹೆಚ್ಚು ಬಿಗಿದಿರುವ ಕೀಲುವಾತಕ್ಕೆ ಮೆಥೊಟ್ರೆಕ್ಸೇಟ್, ಹೈಡ್ರಾಕ್ಸಿಕ್ಲೋರೊಕ್ವಿನ್, ಸಲ್ಫಾಸಲಜಿನ್ ಮುಂತಾದ ಔಷಧಗಳಿವೆ. ಇವು ರೋಗವನ್ನೇ ಹಿಡಿತಕ್ಕೆ ತರುತ್ತವೆ. ಆದರೆ ಗುಣ ಕಾಣಲು ಆರರಿಂದ ಹನ್ನೆರಡು ವಾರ ಬೇಕು. ಅಲ್ಲಿಯತನಕ ಸ್ಟೀರಾಯ್ಡ್ ಸೇತುವೆಯಂತೆ ಮಾತ್ರ ಇರಬೇಕು.

ಮೆಥೊಟ್ರೆಕ್ಸೇಟ್ ಬಗ್ಗೆ ಒಂದು ಕಟ್ಟುನಿಟ್ಟಿನ ಮಾತು. ಕೀಲುವಾತಕ್ಕೆ ಇದನ್ನು ವಾರಕ್ಕೆ ಒಂದೇ ದಿನ ನುಂಗಬೇಕು. ತಿಳಿಯದೆ ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ. ಸಂತೆಯ ದಿನವೋ ಸೋಮವಾರವೋ, ಒಂದು ದಿನ ಗೊತ್ತು ಮಾಡಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಗರ್ಭಿಣಿಯರು, ಮಗು ಬಯಸುವವರು ಇದನ್ನು ತೆಗೆದುಕೊಳ್ಳಬಾರದು. ಹೇಳಿದಾಗಲೆಲ್ಲ ರಕ್ತಪರೀಕ್ಷೆ ಮಾಡಿಸಬೇಕು. ಇದನ್ನು ತೆಗೆದುಕೊಳ್ಳುವಾಗ ಹೊಸದಾಗಿ ಒಣಕೆಮ್ಮು, ಏದುಸಿರು ಬಂದರೆ "ನನ್ನ ಹಳೇ ಉಬ್ಬಸವೇ" ಎಂದು ಸುಮ್ಮನಿರಬೇಡಿ. ಈ ಔಷಧ ಅಪರೂಪಕ್ಕೆ ಶ್ವಾಸಕೋಶಕ್ಕೂ ತಾಗುತ್ತದೆ.

ಇಳಿಸುವಾಗ ಬರುವ ನೋವು ಯಾವುದು?

ಎಷ್ಟು ದಿನಕ್ಕೆ ಎಷ್ಟು ಇಳಿಸಬೇಕೆಂದು ವೈದ್ಯರೇ ಬರೆದುಕೊಡಬೇಕು. ಸಾಮಾನ್ಯವಾಗಿ ಪ್ರಮಾಣ ಹೆಚ್ಚಿರುವಾಗ ದೊಡ್ಡ ಹೆಜ್ಜೆ, ಕೊನೆಕೊನೆಗೆ ಬಹಳ ಸಣ್ಣ ಹೆಜ್ಜೆ. ಮಾತ್ರೆಯನ್ನು ಬೆಳಿಗ್ಗೆ ತಿಂಡಿ ಆದ ಮೇಲೆ ನುಂಗುವುದು ವಾಡಿಕೆ. ರಾಗಿ ಒಕ್ಕಣೆಯ ದೂಳಿನ ದಿನಗಳಲ್ಲಿ, ಮನೆಯಲ್ಲಿ ಮದುವೆ ಇರುವಾಗ ಹೊಸದಾಗಿ ಇಳಿಸಲು ಹೊರಡದಿರುವುದು ಒಳ್ಳೆಯದು. ಇದನ್ನೂ ವೈದ್ಯರಿಗೆ ಹೇಳಿ ದಿನ ಗೊತ್ತುಮಾಡಿಕೊಳ್ಳಿ.

ಇಳಿಸುವಾಗ ಮೂರು ಬಗೆಯ ತೊಂದರೆ ಕಾಣಬಹುದು. ಮೂರನ್ನೂ ಒಂದೇ ಎಂದು ತಿಳಿಯಬಾರದು.

1. ಮಾತ್ರೆ ಕಡಿಮೆಯಾದ ನೋವು: ಮೈಕೈಯೆಲ್ಲ ನೋವು, ಸುಸ್ತು, ಬೇಸರ. ಕೀಲು ಊದಿರುವುದಿಲ್ಲ, ಬಿಸಿ ಇರುವುದಿಲ್ಲ. ಹಲವರಲ್ಲಿ ಕೆಲವು ದಿನಗಳಲ್ಲಿ ತಾನೇ ಇಳಿಯುತ್ತದೆ. ಇಳಿಯದಿದ್ದರೆ ವೈದ್ಯರಿಗೆ ತಿಳಿಸಿ.

2. ಕಾಯಿಲೆ ಮರಳುವುದು: ಕೀಲು ಊದಿ ಬಿಸಿಯಾಗುವುದು, ಬೆಳಗಿನ ಬಿಗಿತ ದಿನದಿನಕ್ಕೆ ಹೆಚ್ಚುವುದು. ಉಬ್ಬಸದಲ್ಲಾದರೆ ರಾತ್ರಿ ಎಚ್ಚರವಾಗುವುದು, ಪಂಪು ಮೊದಲಿಗಿಂತ ಹೆಚ್ಚು ಬಾರಿ ಬೇಕಾಗುವುದು. ವಾರಗಟ್ಟಲೆ ಕಾಯದೆ ವೈದ್ಯರನ್ನು ಕಾಣಿ.

3. ಗ್ರಂಥಿ ಇನ್ನೂ ಏಳದಿರುವುದು: ಎದ್ದು ನಿಂತರೆ ತಲೆಸುತ್ತು, ವಾಂತಿ, ಹೊಟ್ಟೆನೋವು, ವಿಪರೀತ ನಿತ್ರಾಣ, ಪ್ರಜ್ಞೆ ಮಂಕಾಗುವುದು. ಇದು ತುರ್ತು ಸ್ಥಿತಿ. ಅಂದೇ, ಆಗಲೇ ಆಸ್ಪತ್ರೆಗೆ ಹೋಗಬೇಕು.

ಜ್ವರ, ವಾಂತಿಭೇದಿ, ಅಪಘಾತ, ಶಸ್ತ್ರಚಿಕಿತ್ಸೆ ಇವುಗಳ ಸಮಯದಲ್ಲಿ ದೇಹಕ್ಕೆ ಹೆಚ್ಚು ಸ್ಟೀರಾಯ್ಡ್ ಬೇಕು. ಆಗ ಪ್ರಮಾಣ ಏರಿಸಬೇಕಾಗಬಹುದು. ವಾಂತಿಯಾಗಿ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಚುಚ್ಚುಮದ್ದು ಬೇಕಾಗುತ್ತದೆ. ಅದಕ್ಕೇ "ನಾನು ಸ್ಟೀರಾಯ್ಡ್ ತೆಗೆದುಕೊಳ್ಳುತ್ತೇನೆ, ಇಷ್ಟು ಪ್ರಮಾಣ" ಎಂದು ಬರೆದ ಚೀಟಿ ಸದಾ ಪರ್ಸಿನಲ್ಲಿರಲಿ. ಮಾತ್ರೆ ನಿಂತು ಒಂದು ವರ್ಷದವರೆಗೂ ಯಾವ ಆಸ್ಪತ್ರೆಗೆ ಹೋದರೂ ಈ ವಿಷಯ ಹೇಳಿ.

ಹಾಲಿನ ಲೀಟರು, ಫ್ಯಾಟು ಬರೆಯುವ ಪಾಸ್ ಪುಸ್ತಕದಂತೆ ನಿಮ್ಮದೂ ಒಂದು ಪುಸ್ತಕ ಇಡಿ. ಇಂದಿನ ಮಾತ್ರೆ ಎಷ್ಟು, ಪಂಪು ಎಷ್ಟು ಬಾರಿ, ಬೆಳಗಿನ ಬಿಗಿತ ಎಷ್ಟು ಹೊತ್ತು, ರಾತ್ರಿ ಎಚ್ಚರವಾಯಿತೇ ಎಂದು ನಾಲ್ಕೇ ಸಾಲು ಬರೆಯಿರಿ. ಬರೆಯಲು ಬಾರದಿದ್ದರೆ ಮಕ್ಕಳು ಬರೆದುಕೊಡಲಿ. ಇಳಿಸುವ ವೈದ್ಯರಿಗೆ ಇದಕ್ಕಿಂತ ದೊಡ್ಡ ನೆರವಿಲ್ಲ.

ನೋವಿನ ಮಾತ್ರೆ, ಹೆಸರಿಲ್ಲದ ಪುಡಿ

ಕೀಲುನೋವು ಹೆಚ್ಚಾಯಿತೆಂದು ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗುವವರೇ ಹೆಚ್ಚು. ಆಸ್ಪಿರಿನ್, ಡೈಕ್ಲೋಫೆನಾಕ್, ಐಬುಪ್ರೊಫೆನ್ ಮೊದಲಾದವು ಕೆಲವು ಉಬ್ಬಸ ರೋಗಿಗಳಲ್ಲಿ ಜೋರಾದ ದಮ್ಮು ಬರಿಸುತ್ತವೆ. ಸ್ಟೀರಾಯ್ಡ್ ಜೊತೆ ಸೇರಿದರೆ ಹೊಟ್ಟೆಹುಣ್ಣು, ರಕ್ತಸ್ರಾವದ ಭಯವೂ ಇದೆ. ನೋವಿನ ಮಾತ್ರೆ ಕೇಳುವಾಗ "ನನಗೆ ಉಬ್ಬಸ ಇದೆ" ಎಂದು ಮೊದಲೇ ಹೇಳಿ.

ವಾತಕ್ಕೆಂದು ಪೊಟ್ಟಣದಲ್ಲಿ ಕೊಡುವ ಹೆಸರಿಲ್ಲದ ಪುಡಿ, ಬಿಡಿ ಮಾತ್ರೆಗಳ ಬಗ್ಗೆಯೂ ಎಚ್ಚರ. ಮೂರೇ ದಿನದಲ್ಲಿ ನೋವೂ ದಮ್ಮೂ ಮಾಯವಾದರೆ ಅದರಲ್ಲಿ ಸ್ಟೀರಾಯ್ಡ್ ಬೆರೆತಿರುವ ಅನುಮಾನ ಪಡಬೇಕು. ವೈದ್ಯರ ಬಳಿ ಹೋಗುವಾಗ ಅದನ್ನೂ ತೆಗೆದುಕೊಂಡು ಹೋಗಿ, ಮುಚ್ಚಿಡಬೇಡಿ.

ಕೊಟ್ಟಿಗೆಯಲ್ಲಿ ಮಾಡಬಹುದಾದದ್ದು

ದೂಳು ಕಡಿಮೆಯಾದಷ್ಟೂ ಔಷಧದ ಅಗತ್ಯ ಕಡಿಮೆ.

* ಬೂಸ, ಹಿಂಡಿಯನ್ನು ಒಣದಾಗಿ ಕೊಡವಬೇಡಿ. ನೀರು ಚಿಮುಕಿಸಿ ಕಲಸಿ.
* ಕೊಟ್ಟಿಗೆ ಗುಡಿಸುವ ಮೊದಲು ನೀರು ಚಿಮುಕಿಸಿ.
* ಮೇವು ಕತ್ತರಿಸುವ ಯಂತ್ರದ ಬಳಿ ಗಾಳಿಗೆ ಬೆನ್ನು ಮಾಡಿ ನಿಲ್ಲಿ. ಮೂಗಿಗೆ ಸೆರಗಿಗಿಂತ ಎನ್-95 ಮಾಸ್ಕ್ ಮೇಲು.
* ಮುಗ್ಗಲು ಹುಲ್ಲನ್ನು ಬಣವೆಯಿಂದ ನೀವೇ ಕೀಳಬೇಡಿ. ಬೂಷ್ಟು ಹಿಡಿದ ಹುಲ್ಲು ಮುಟ್ಟಿದ ನಾಲ್ಕಾರು ಗಂಟೆಗಳ ನಂತರ ಚಳಿಜ್ವರ, ಕೆಮ್ಮು, ಏದುಸಿರು ಬರುತ್ತಿದ್ದರೆ ಅದು ಉಬ್ಬಸವಲ್ಲದ ಬೇರೆ ಶ್ವಾಸಕೋಶದ ಕಾಯಿಲೆ ಇರಬಹುದು. ವೈದ್ಯರಿಗೆ ಹೀಗೆಯೇ ವಿವರಿಸಿ.
* ಸಂಜೆ ಸೊಳ್ಳೆಗೆಂದು ಹೊಗೆ ಹಾಕುವ ಬದಲು ಸೊಳ್ಳೆಪರದೆ ಕಟ್ಟಿ. ಗಂಜಲ ನಿಲ್ಲದಂತೆ ಇಳಿಜಾರು ಇರಲಿ, ಅದರ ಘಾಟೂ ಉಸಿರಿಗೆ ತೊಂದರೆ.
* ಹಾಲು ಕರೆಯುವ ಮೊದಲು ಐದು ನಿಮಿಷ ಕೈಯನ್ನು ಉಗುರುಬೆಚ್ಚನೆ ನೀರಿನಲ್ಲಿಡಿ. ಹೆಬ್ಬೆರಳು ಮಡಚಿ ಕರೆಯಬೇಡಿ. ಪೂರ್ತಿ ಮುಷ್ಟಿಯಿಂದ ಕರೆದರೆ ಹಸುವಿನ ಮೊಲೆತೊಟ್ಟಿಗೂ ನಿಮ್ಮ ಕೀಲಿಗೂ ಒಳ್ಳೆಯದು. ಕುಕ್ಕರಗಾಲಿನ ಬದಲು ಸಣ್ಣ ಸ್ಟೂಲ್ ಇರಲಿ.

ಇಷ್ಟೂ ದಿನ ಒಬ್ಬರೇ ಮಾಡಿದ ಕೆಲಸವನ್ನು ಹಂಚಿಕೊಳ್ಳಲು ಮನೆಯವರಿಗೆ ಹೇಳಿ. ಹುಲ್ಲು ಕೊಡವುವುದು, ಬೂಸ ಮೂಟೆ ಬಿಚ್ಚುವುದು ಮನೆಯ ಗಂಡಸರ ಪಾಲಿಗಿರಲಿ. ಇದೂ ಚಿಕಿತ್ಸೆಯ ಒಂದು ಭಾಗವೇ.

ಹಸು ಸಾಕುವವರು ಮರೆಯಬಾರದ ಇನ್ನೊಂದು ಕಾಯಿಲೆ

ಬಿಟ್ಟು ಬಿಟ್ಟು ಬರುವ ಜ್ವರ, ರಾತ್ರಿ ಬೆವರು, ಸೊಂಟ ಮತ್ತು ಕೀಲುನೋವು ಇದ್ದು, ಕೊಟ್ಟಿಗೆಯಲ್ಲಿ ಹಸು ಕಂದು ಹಾಕಿದ್ದರೆ ಅದನ್ನು ವೈದ್ಯರಿಗೆ ತಪ್ಪದೆ ಹೇಳಿ. ಬ್ರುಸೆಲ್ಲೋಸಿಸ್ ಎಂಬ ಸೋಂಕು ಕಂದು ಹಾಕಿದ ಹಸುವಿನ ಮಾಸು, ಸ್ರಾವ ಮತ್ತು ಹಸಿ ಹಾಲಿನಿಂದ ಮನುಷ್ಯರಿಗೆ ಬರುತ್ತದೆ. ಇದನ್ನು ವಾತವೆಂದು ತಿಳಿದು ಸ್ಟೀರಾಯ್ಡ್ ನುಂಗಿದರೆ ಸೋಂಕು ಒಳಗೇ ಬೆಳೆಯುತ್ತದೆ. ರಕ್ತಪರೀಕ್ಷೆಯಿಂದ ಪತ್ತೆ ಮಾಡಬಹುದು, ಔಷಧವೂ ಇದೆ. ಮಾಸನ್ನು ಬರಿಗೈಯಲ್ಲಿ ಮುಟ್ಟಬೇಡಿ. ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ ತಪ್ಪದೆ ಲಸಿಕೆ ಹಾಕಿಸಿ.

ಮನೆಗೂ ಒಂದು ಲೋಟ ಇರಲಿ

ಸ್ಟೀರಾಯ್ಡ್ ಮೂಳೆಯ ಬಲ ತೆಗೆಯುತ್ತದೆ. ಒಂದು ಲೀಟರ್ ಹಾಲಿನಲ್ಲಿ ಸುಮಾರು 1200 ಮಿಲಿಗ್ರಾಂ ಸುಣ್ಣದಂಶ ಇದೆ. ಇಷ್ಟಿದ್ದೂ ಇದ್ದ ಹಾಲನ್ನೆಲ್ಲ ಡೇರಿಗೆ ಹಾಕಿ ತಾವು ಕರಿಕಾಫಿ ಕುಡಿಯುವ ತಾಯಂದಿರು ನಮ್ಮಲ್ಲಿ ಕಡಿಮೆ ಇಲ್ಲ. ದಿನಕ್ಕೆರಡು ಲೋಟ ಕಾಯಿಸಿದ ಹಾಲು ಅಥವಾ ಮೊಸರು ನಿಮ್ಮ ಪಾಲಿಗೆ ಎತ್ತಿಡಿ. ರಾಗಿ ಮುದ್ದೆ, ಸೊಪ್ಪು ಇರಲಿ. ವಿಟಮಿನ್ ಡಿ, ಸುಣ್ಣದಂಶದ ಮಾತ್ರೆ ಬೇಕೇ ಎಂದು ವೈದ್ಯರನ್ನು ಕೇಳಿ. ಸಕ್ಕರೆ, ರಕ್ತದೊತ್ತಡ, ಕಣ್ಣಿನ ತಪಾಸಣೆ ಮಾಡಿಸುತ್ತಿರಿ.

ಔಷಧದ ಖರ್ಚು ಭಾರವಾಗಿ ಮಾತ್ರೆ ತಪ್ಪಿಸುವವರು ಜನೌಷಧಿ ಕೇಂದ್ರದಲ್ಲಿ ವಿಚಾರಿಸಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಕೇಳಿ. ದುಡ್ಡಿಲ್ಲವೆಂದು ಮಾತ್ರೆ ಒಂದೇ ದಿನಕ್ಕೆ ನಿಲ್ಲುವಂತೆ ಆಗಬಾರದು. ಮುಗಿಯಲು ಒಂದು ವಾರ ಇರುವಾಗಲೇ ತರಿಸಿಡಿ.

ಕೂಡಲೇ 108ಕ್ಕೆ ಕರೆ ಮಾಡಿ

* ಒಂದು ಮಾತು ಪೂರ್ತಿ ಆಡಲಾಗದಷ್ಟು ದಮ್ಮು
* ಪಂಪು ಎಳೆದರೂ ಉಸಿರು ಸಲೀಸಾಗದಿರುವುದು
* ತುಟಿ, ಉಗುರು ನೀಲಿಯಾಗುವುದು
* ಸ್ಟೀರಾಯ್ಡ್ ಇಳಿಸುವಾಗ ಅಥವಾ ನಿಲ್ಲಿಸಿದ ಮೇಲೆ ನಿಲ್ಲದ ವಾಂತಿ, ತಲೆಸುತ್ತಿ ಬೀಳುವುದು, ಮಂಪರು