ಹೆಣ್ಣುಮಕ್ಕಳೂ ಕಂಪ್ಯೂಟರ್ ಕಲಿಯಲಿ



ಕಂಪ್ಯೂಟರನ್ನು ನಾವೆಲ್ಲ ನೋಡಿದ್ದೇವೆ. ಆದರೆ ಅದು ಹೇಗೆ ಕೆಲಸ ಮಾಡುತ್ತದೆ ಗೊತ್ತಾ? ಮನುಷ್ಯರು ಬರೆದುಕೊಟ್ಟ ಸೂಚನೆಗಳನ್ನು ಅದು ಒಂದೊಂದಾಗಿ ಪಾಲಿಸುತ್ತದೆ. ಈ ಸೂಚನೆಗಳಿಗೆ ಪ್ರೋಗ್ರಾಂ ಎಂದು ಹೆಸರು.

ಉದಾಹರಣೆಗೆ ಚುಕ್ಕಿ ರಂಗೋಲಿ ತೆಗೆದುಕೊಳ್ಳಿ. ನಡುವಿನ ಸಾಲಿಗೆ 7 ಚುಕ್ಕಿ ಇಡು. ಮೇಲೂ ಕೆಳಗೂ ಸಂದಿಗೆ ಬರುವಂತೆ ಸಾಲಿಗೊಂದು ಚುಕ್ಕಿ ಕಡಿಮೆ ಮಾಡುತ್ತಾ ಹೋಗು. 4 ಚುಕ್ಕಿಯ ಸಾಲು ಬಂದಾಗ ನಿಲ್ಲಿಸು. ಒಟ್ಟು 37 ಚುಕ್ಕಿ ಆಗುತ್ತದೆ, ಎಣಿಸಿ ನೋಡಿ. ಎಲ್ಲಿ ಶುರು ಮಾಡಬೇಕು, ಯಾವುದನ್ನು ಮತ್ತೆ ಮತ್ತೆ ಮಾಡಬೇಕು, ಎಲ್ಲಿ ನಿಲ್ಲಿಸಬೇಕು, ಈ ಮೂರೂ ಇದರಲ್ಲಿವೆ. ಪ್ರೋಗ್ರಾಂನಲ್ಲೂ ಇವೇ ಇರುತ್ತವೆ. ಒಂದು ಸೂಚನೆ ತಪ್ಪಿದರೂ ಎಲ್ಲ ಕೆಡುತ್ತದೆ.

"ಹೆಣ್ಣುಮಕ್ಕಳಿಗ್ಯಾಕೆ ಕಂಪ್ಯೂಟರ್?" ಅಂತ ಕೆಲವರು ಕೇಳ್ತಾರೆ. ಅಂಥವರಿಗೆ ಈ ಸಂಗತಿ ಹೇಳಿ. 1946ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಎನಿಯಾಕ್ ಎಂಬ ಕಂಪ್ಯೂಟರನ್ನು ಜಗತ್ತಿಗೆ ತೋರಿಸಿದರು. ಅದರ ತೂಕ ಸುಮಾರು 30 ಟನ್! ಅದಕ್ಕೆ ಪ್ರೋಗ್ರಾಂ ಮಾಡಿದವರು 6 ಜನ ಹೆಂಗಸರು. ಹೇಳಿಕೊಡುವ ಪುಸ್ತಕ ಇರಲಿಲ್ಲ. ಯಂತ್ರದ ನಕ್ಷೆ ನೋಡಿ ತಾವೇ ಕಲಿತು, ವೈರು ಜೋಡಿಸಿ, ಸ್ವಿಚ್ಚು ತಿರುಗಿಸಿ ಲೆಕ್ಕ ಮಾಡಿಸಿದರು. ಅವರಿಗೆ ಬರಬೇಕಾದ ಹೆಸರು ಆಗ ಬರಲಿಲ್ಲ. 1997ರಲ್ಲಿ ಆರೂ ಜನರಿಗೆ ಗೌರವ ಸಿಕ್ಕಿತು.

ನಮ್ಮ ಕರ್ನಾಟಕದಲ್ಲೂ ಉದಾಹರಣೆ ಇದೆ. ಶಿಗ್ಗಾವಿಯಲ್ಲಿ ಹುಟ್ಟಿದ ಸುಧಾ ಮೂರ್ತಿಯವರು 1974ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಕಂಪ್ಯೂಟರ್ ವಿಜ್ಞಾನ ಓದುತ್ತಿದ್ದರು. ಟೆಲ್ಕೊ ಕಂಪನಿಯ ಜಾಹೀರಾತಿನಲ್ಲಿ ಹೆಂಗಸರು ಅರ್ಜಿ ಹಾಕುವುದು ಬೇಡ ಎಂದು ಇತ್ತು. ಅವರು ಸುಮ್ಮನಿರಲಿಲ್ಲ. ಜೆ.ಆರ್.ಡಿ. ಟಾಟಾ ಅವರಿಗೇ ಒಂದು ಪೋಸ್ಟ್ ಕಾರ್ಡು ಬರೆದರು. ಕಂಪನಿ ಅವರನ್ನು ಪುಣೆಗೆ ಸಂದರ್ಶನಕ್ಕೆ ಕರೆಯಿತು, ಕೆಲಸವೂ ಸಿಕ್ಕಿತು.

ಕನ್ನಡ ಮಾಧ್ಯಮದವರಿಗೆ ಇದು ಆಗಲ್ಲ ಅಂತ ಹೆದರಬೇಡಿ. ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಮುಖ್ಯ ಪದಗಳು ಸುಮಾರು 35 ಮಾತ್ರ. ನಾವು ಇಂಗ್ಲಿಷ್ ಪಾಠದಲ್ಲಿ ಅದಕ್ಕಿಂತ ಹೆಚ್ಚು ಪದ ಕಲಿತಿಲ್ವಾ? ಆದರೆ ಗಣಿತ ಚೆನ್ನಾಗಿ ಕಲಿಯಬೇಕು. ಎಸ್.ಎಸ್.ಎಲ್.ಸಿ. ಆದ ಮೇಲೆ ಪಿ.ಯು.ಸಿ.ಯಲ್ಲಿ ಕಂಪ್ಯೂಟರ್ ವಿಜ್ಞಾನ ತೆಗೆದುಕೊಳ್ಳಬಹುದು. ಇಲ್ಲವಾದರೆ ಪಾಲಿಟೆಕ್ನಿಕ್ಕಿನಲ್ಲಿ 3 ವರ್ಷದ ಡಿಪ್ಲೊಮಾ ಮಾಡಬಹುದು.

ಇದಕ್ಕೆಲ್ಲ ಮೊದಲು ಹೈಸ್ಕೂಲು ಓದಬೇಕಲ್ಲ! ಹೈಸ್ಕೂಲು ದೂರ ಅಂತ ಕೆಲವು ಮನೆಗಳಲ್ಲಿ ಏಳನೇ ಕ್ಲಾಸಿಗೇ ಹುಡುಗಿಯರನ್ನು ಶಾಲೆ ಬಿಡಿಸುತ್ತಾರೆ. ಬಿಡಿಸಿದರೆ ಈ ದಾರಿ ಅಲ್ಲಿಗೇ ಮುಚ್ಚಿತು. ಗುರುಗಳು ಅಂಥ ಮನೆಯವರ ಹತ್ತಿರ ಒಂದು ಮಾತು ಹೇಳಬೇಕೆಂದು ವಿನಂತಿ.

ಗೆಳೆಯರೇ, ಕಂಪ್ಯೂಟರ್ ಮುಂದೆ ನೀವೇ ಕೂತುಕೊಂಡು ಹುಡುಗಿಯರನ್ನು ಹಿಂದೆ ನಿಲ್ಲಿಸಬೇಡಿ. ದಡದಲ್ಲಿ ನಿಂತು ನೋಡಿದರೆ ಈಜು ಬರುತ್ತಾ? ಗೆಳತಿಯರೇ, ನೀವೂ ನಿಮ್ಮ ಸರದಿಯನ್ನು ಬಿಟ್ಟುಕೊಡಬೇಡಿ.

– 7ನೇ ತರಗತಿ ವಿದ್ಯಾರ್ಥಿನಿ